ಮುಳ್ಳು ಒಳಗೆ ಬಂದರೂ ಗಾಳಿ ಹೊರಗೆ ಹೋಗದಿರಲಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮೌಂಟನ್ ಬೈಕ್ ಇಟ್ಟುಕೊಂಡವರಿಗೆ ವರ್ಷದ ಒಳ್ಳೆಯ ಕಾಲ ಶುರುವಾಗುವುದು ಅಕ್ಟೋಬರ್ ಕೊನೆಗೆ. ಆ ಹೊತ್ತಿಗೆ ಮಳೆ ನಿಂತಿರುತ್ತದೆ. ಮಲಂಗಗಡದ ಬುಡದ ಕೆಸರು ಗಟ್ಟಿಯಾಗಿರುತ್ತದೆ. ಬದಲಾಪುರದಾಚೆ ಬಾರವಿ ಅಣೆಕಟ್ಟಿನ ಕಡೆ ಹೋದರೆ ಕೊಯ್ದ ಗದ್ದೆಗಳ ನಡುವಿನ ಕಾಲುದಾರಿಗಳು ತೆರೆದುಕೊಂಡಿರುತ್ತವೆ. ಪಂಕ್ಚರಿನ ಕಾಲ ಶುರುವಾಗುವುದೂ ಆಗಲೇ. ಜುಲೈ, ಆಗಸ್ಟ್‌ನಲ್ಲಿ ಒಂದು ಸಲವೂ ಕೈಕೊಡದ ಟೈರು ನವೆಂಬರಿನಲ್ಲಿ ವಾರಕ್ಕೊಮ್ಮೆ ಕೂತುಬಿಡುತ್ತದೆ.

ಸವಾರರು ಇದನ್ನು ಅದೃಷ್ಟದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಆದರೆ ಇದರ ಹಿಂದೆ ಎರಡು ಗಟ್ಟಿ ಕಾರಣಗಳಿವೆ. ಮೊದಲನೆಯದು ಗಿಡದ ಒಳಗಿನದು. ಮಳೆಗಾಲದಲ್ಲಿ ಚಿಗುರಿದ ಮುಳ್ಳಿನಲ್ಲಿ ನೀರಿನ ಅಂಶ ಹೆಚ್ಚು, ಚಕ್ರದಡಿ ಸಿಕ್ಕರೆ ಬಾಗುತ್ತದೆ. ಬೆಳೆಯುತ್ತಾ ಹೋದಂತೆ ಅದರ ಜೀವಕೋಶಗಳ ಗೋಡೆಗಳಲ್ಲಿ ಲಿಗ್ನಿನ್ ತುಂಬಿಕೊಳ್ಳುತ್ತದೆ. ಮರದ ಕಾಂಡ ನೆಟ್ಟಗೆ ನಿಲ್ಲುವುದು ಇದೇ ವಸ್ತುವಿನ ಬಲದಿಂದ. ಒಣಗಿದ ಮೇಲೆ ಮುಳ್ಳು ಇನ್ನಷ್ಟು ಬಿಗಿಯಾಗುತ್ತದೆ. ಗಿಡದಿಂದ ಕಳಚಿ ಬಿದ್ದು ತಿಂಗಳುಗಳಾದರೂ ಅದರ ಮೊನೆ ಮೊಂಡಾಗುವುದಿಲ್ಲ.

ಎರಡನೆಯದು ರೈತರ ಪಂಚಾಂಗ. ಥಾಣೆ ಜಿಲ್ಲೆಯ ಹಳ್ಳಿಗಳಲ್ಲಿ ಭತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ವಾಲ್ ಎಂಬ ಅವರೆ ಬಿತ್ತುತ್ತಾರೆ, ತರಕಾರಿ ಹಾಕುತ್ತಾರೆ. ದನಕರು ನುಗ್ಗದಂತೆ ಬೋರೆ, ಜಾಲಿ, ಕರವಂದದ ಕೊಂಬೆಗಳನ್ನು ಕಡಿದು ಸುತ್ತಲೂ ಮುಳ್ಳುಬೇಲಿ ಕಟ್ಟುತ್ತಾರೆ. ಬೇಲಿ ಒಣಗಿದಂತೆ ತುಂಡುಗಳು ಉದುರುತ್ತವೆ. ಬೇಸಿಗೆ ಬಂದರೆ ರಾಬ್ ಸುಡುವ ಕೆಲಸ. ಸಸಿಮಡಿ ಮಾಡುವ ಜಾಗದಲ್ಲಿ ಸೊಪ್ಪು, ಸಗಣಿ, ಟೊಂಗೆಗಳನ್ನು ಹರಡಿ ಬೆಂಕಿ ಕೊಡುವುದು ಕೊಂಕಣದ ಹಳೆಯ ಪದ್ಧತಿ. ಅದಕ್ಕೆ ಬೇಕಾದ ಟೊಂಗೆಯ ಹೊರೆಗಳು ತಲೆಯ ಮೇಲೆ ಸಾಗುವ ದಾರಿಗೇ ನಾವು ಟ್ರೇಲ್ ಎಂದು ಹೆಸರಿಟ್ಟಿದ್ದೇವೆ. ಠಾಕರ, ಕಾತಕರಿ, ವಾರ್ಲಿ ಆದಿವಾಸಿಗಳ ಹೊಲಮನೆಗಳ ದಾರಿ ಅದು. ಅಲ್ಲಿ ಮುಳ್ಳು ಬಿದ್ದಿರುವುದು ಯಾರ ತಪ್ಪೂ ಅಲ್ಲ. ಚಕ್ರದ ಮೇಲೆ ಬಂದ ನಾವು ನಮ್ಮ ಟೈರನ್ನು ಆ ದಾರಿಗೆ ತಕ್ಕಂತೆ ಸಿದ್ಧಮಾಡಿಕೊಳ್ಳಬೇಕು.

ಮೊದಲು ಎದುರಾಳಿಗಳ ಪರಿಚಯ. ಈ ಭಾಗದಲ್ಲಿ ಹೆಚ್ಚು ಸಿಗುವುದು ಬೋರೆ. ನಮ್ಮ ಹಳ್ಳಿಗಳ ಎಲಚಿ ಇದೇ. ಇದರ ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಒಂದು ನೆಟ್ಟಗಿದ್ದರೆ ಇನ್ನೊಂದು ಕೊಕ್ಕೆಯಾಗಿ ಬಾಗಿರುತ್ತದೆ. ಕರಿಜಾಲಿ, ಮರಾಠಿಯವರ ಬಾಭೂಳ್, ಉದ್ದನೆಯ ಬಿಳಿ ಮುಳ್ಳಿನ ಮರ. ಅದರ ಮುಳ್ಳು ಐದು ಸೆಂಟಿಮೀಟರ್ ದಾಟುವುದೂ ಉಂಟು. ಖೈರದ್ದು ಗಿಡ್ಡ ಕೊಕ್ಕೆ ಮುಳ್ಳು. ವೀಳ್ಯಕ್ಕೆ ಹಾಕುವ ಕಾಚು ಬರುವುದು ಈ ಮರದ ತಿರುಳಿನಿಂದ, ಅದನ್ನು ಕುದಿಸಿ ತೆಗೆಯುವುದು ಕಾತಕರಿಗಳ ಸಾಂಪ್ರದಾಯಿಕ ಕಸುಬಾಗಿತ್ತು. ಬಳ್ಳಾರಿ ಜಾಲಿ ಎಂದು ನಾವು ಕರೆಯುವ ಪ್ರೊಸೋಪಿಸ್ ಜುಲಿಫ್ಲೋರಾ ಅಮೆರಿಕ ಖಂಡದ ಮೂಲದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರ ಕಾಲದಲ್ಲಿ ಇತ್ತ ಬಂದು, ಒಣನೆಲ ಸಿಕ್ಕಲ್ಲೆಲ್ಲ ಹಬ್ಬಿತು. ಕರವಂದ, ನಮ್ಮ ಉತ್ತರ ಕರ್ನಾಟಕದ ಕವಳಿ, ಕಾಡಿನಂಚಿನ ಪೊದೆ. ಏಪ್ರಿಲ್, ಮೇ ತಿಂಗಳಲ್ಲಿ ಇದರ ಕಪ್ಪು ಹಣ್ಣನ್ನು ಆದಿವಾಸಿ ಹೆಂಗಸರು ಎಲೆದೊನ್ನೆಯಲ್ಲಿಟ್ಟು ಪೇಟೆಯಲ್ಲಿ ಮಾರುತ್ತಾರೆ. ಈ ಪೊದೆಯ ಬಗ್ಗೆ ಮುಂದೆ ಮತ್ತೆ ಹೇಳುವುದಿದೆ.

ಬಯಲುಸೀಮೆಯ ಕಥೆ ಬೇರೆ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ಸೈಕಲ್ಲಿಗೆ ನಿಜವಾದ ಶತ್ರು ನೆಲಕ್ಕಂಟಿ ಹರಡುವ ನೆಗ್ಗಿಲು. ಅದರ ಕಾಯಿ ಒಣಗಿ ಸಾಮಾನ್ಯವಾಗಿ ಐದು ತುಂಡಾಗುತ್ತದೆ. ಪ್ರತಿ ತುಂಡಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನೋಡುತ್ತದೆ. ಪ್ರಾಣಿಯ ಪಾದಕ್ಕೆ ಚುಚ್ಚಿಕೊಂಡು ದೂರ ಹೋಗಲೆಂದೇ ಆ ಬೀಜ ಹಾಗೆ ರೂಪುಗೊಂಡಿದೆ. ಕೊಂಕಣದ ಮುಳ್ಳುಗಳ ಕೆಲಸ ಬೀಜ ಸಾಗಿಸುವುದಲ್ಲ, ಮೇಯುವ ಬಾಯಿಯಿಂದ ಎಲೆಯನ್ನು ಕಾಯುವುದು. ಆದರೂ ಫಲಿತಾಂಶ ಒಂದೇ ಆಗುವುದಕ್ಕೆ ಕಾರಣ ಟೊಂಗೆಯ ಮೇಲೆ ಮುಳ್ಳುಗಳು ಕೂತಿರುವ ಬಗೆ. ಜಾಲಿಯ ಎಲೆಗಳು ಟೊಂಗೆಯ ಸುತ್ತ ಸುರುಳಿಯಾಗಿ ಹುಟ್ಟುತ್ತವೆ, ಎಲೆಯ ಬುಡದ ಮುಳ್ಳುಗಳೂ ಹಾಗೆಯೇ ಎಲ್ಲ ದಿಕ್ಕಿಗೂ ಚಾಚುತ್ತವೆ. ಬೆರಳುದ್ದದ ಒಣ ತುಂಡು ಯಾವ ಮಗ್ಗುಲಿಗೆ ಬಿದ್ದರೂ ಕೆಲವು ಮುಳ್ಳುಗಳು ನೆಲಕ್ಕೆ ಊರಿಕೊಳ್ಳುತ್ತವೆ, ಕೆಲವು ಆಕಾಶಕ್ಕೆ ನಿಲ್ಲುತ್ತವೆ. ಹಾಗಾಗಿ ಬಿಡಿ ಮುಳ್ಳಿಗಿಂತ ಮುಳ್ಳಿರುವ ಟೊಂಗೆಯ ತುಂಡೇ ಅಪಾಯ.

ಈಗ ಚುಚ್ಚುವಿಕೆಯ ಲೆಕ್ಕ ನೋಡೋಣ. ಮುಳ್ಳಿನ ತುದಿಯ ಅಗಲ 0.1 ಮಿಲಿಮೀಟರ್ ಎಂದುಕೊಂಡರೆ, ಅದರ ವಿಸ್ತೀರ್ಣ ಒಂದು ಚದರ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಮೇಲೆ ಬರೀ ನೂರು ಗ್ರಾಂ ತೂಕ ಕೂತರೂ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1300 ಕಿಲೋ ಆಗುತ್ತದೆ. ಒಳ್ಳೆಯ ರಬ್ಬರು ಎಳೆತಕ್ಕೆ ಹರಿಯುವುದು ಚದರ ಸೆಂಟಿಮೀಟರಿಗೆ 200ರಿಂದ 300 ಕಿಲೋದ ಆಸುಪಾಸಿನಲ್ಲಿ. ಹಾಗಾದರೆ ಮುಳ್ಳು ತಾಕಿದ ಕೂಡಲೇ ಟೈರು ತೂತಾಗಬೇಕಲ್ಲ? ಆಗುವುದಿಲ್ಲ. ರಬ್ಬರಿನ ವಿಶೇಷವೇ ಅದು. ಮೊನೆ ಒತ್ತಿದಾಗ ಅದು ಗುಳಿಬಿದ್ದು ಮೊನೆಯ ಸುತ್ತ ಹಿಗ್ಗುತ್ತದೆ, ಶಕ್ತಿಯನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಒಂದು ಮಿತಿ ದಾಟಿದಾಗ ಮಾತ್ರ ಒಮ್ಮೆಲೇ ಸೀಳುತ್ತದೆ. ಸೀಳು ಬಿಟ್ಟ ಮೇಲೆ ಮುಳ್ಳಿನ ಮೈಗೂ ರಬ್ಬರಿಗೂ ಇರುವ ತಿಕ್ಕಾಟವೊಂದೇ ಉಳಿದ ತಡೆ. ನೀರು ಬಿದ್ದರೆ ಆ ತಿಕ್ಕಾಟವೂ ಕಡಿಮೆಯಾಗುತ್ತದೆ. ರಬ್ಬರನ್ನು ಕತ್ತರಿಸುವವರು ಚಾಕುವನ್ನು ಒದ್ದೆ ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಇಬ್ಬನಿ ಬಿದ್ದ ಬೆಳಗ್ಗೆ ಒಣ ಮುಳ್ಳಿನ ಮೇಲೆ ಒದ್ದೆ ಟೈರು ಹೋಗುವುದು ಎಲ್ಲಕ್ಕಿಂತ ಕೆಟ್ಟ ಜೋಡಣೆ.

ಉದ್ದನೆಯ ಮುಳ್ಳು ಹೆಚ್ಚು ಅಪಾಯ ಎಂದು ತೋರುವುದು ಸಹಜ. ಹದಿನೆಂಟನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕಂಬಗಳ ಬಗ್ಗೆ ಕೊಟ್ಟ ಸೂತ್ರ ಇಲ್ಲಿ ಬೇರೆಯೇ ಹೇಳುತ್ತದೆ. ತೆಳ್ಳಗಿನ ಕಂಬವನ್ನು ಮೇಲಿನಿಂದ ಒತ್ತಿದಾಗ ಅದು ಬಳುಕಿ ಬಾಗಲು ಬೇಕಾದ ಭಾರ, ಉದ್ದ ಎರಡರಷ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ದಪ್ಪ ಎರಡರಷ್ಟಾದರೆ ಹದಿನಾರು ಪಟ್ಟು ಏರುತ್ತದೆ. ಬಾಭೂಳದ ಎಳೆಯ ಉದ್ದ ಮುಳ್ಳು ಎಷ್ಟೋ ಸಲ ಚಕ್ರದಡಿ ಬಳುಕಿ ಮುರಿಯುತ್ತದೆ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಉದ್ದದ, ಬುಡ ದಪ್ಪಗಿರುವ ಬೋರೆ ಮುಳ್ಳು ಬಳುಕುವುದಿಲ್ಲ. ಟೈರನ್ನು ದಾಟಿ ಟ್ಯೂಬ್ ಮುಟ್ಟುವುದಕ್ಕೆ ಅಷ್ಟು ಉದ್ದ ಸಾಕು. ಮೌಂಟನ್ ಬೈಕಿನ ಟೈರು ನೋಡಲು ದಪ್ಪ. ಆದರೆ ಆ ದಪ್ಪವೆಲ್ಲ ಹಿಡಿತಕ್ಕಾಗಿ ಇಟ್ಟ ಉಬ್ಬುಗಳದ್ದು. ಉಬ್ಬುಗಳ ನಡುವಿನ ತಗ್ಗಿನಲ್ಲಿ ರಬ್ಬರು, ಬಟ್ಟೆ ಎರಡೂ ಸೇರಿ ಎರಡು ಮಿಲಿಮೀಟರಿನಷ್ಟೇ. ಮುಳ್ಳಿಗೆ ದಾರಿ ಸಿಗುವುದು ಅಲ್ಲಿ.

ಒಂದು ಕಿಲೋಮೀಟರ್ ಹೋದರೆ ಟೈರು ಎಷ್ಟು ನೆಲ ಮುಟ್ಟುತ್ತದೆ? ನೆಲಕ್ಕೆ ಒತ್ತುವ ಅಗಲ ನಾಲ್ಕು ಸೆಂಟಿಮೀಟರ್ ಎಂದರೆ 40 ಚದರ ಮೀಟರ್. 29 ಇಂಚಿನ ಚಕ್ರ ಅಷ್ಟು ದೂರಕ್ಕೆ ಸುಮಾರು 435 ಸುತ್ತು ಹಾಕುತ್ತದೆ. ದಾರಿಯಲ್ಲಿ 400 ಚದರ ಮೀಟರಿಗೆ ಒಂದೇ ಒಂದು ಮುಳ್ಳು ಮೊನೆ ಮೇಲೆ ಮಾಡಿ ನಿಂತಿದ್ದರೂ ಸರಾಸರಿ ಹತ್ತು ಕಿಲೋಮೀಟರಿಗೊಮ್ಮೆ ಅದು ಸಿಗುತ್ತದೆ. ಆ ಹತ್ತು ಕಿಲೋಮೀಟರನ್ನು ಮುಳ್ಳು ತಾಕದೆ ಮುಗಿಸುವ ಸಂಭವ ಶೇ 37 ಮಾತ್ರ. ಇದು ಸಂಭವನೀಯತೆಯ ಸರಳ ಗಣಿತ. ಕಣ್ಣಿಟ್ಟು ಸವಾರಿ ಮಾಡಿದರೆ ಈ ಸಂಖ್ಯೆ ಸುಧಾರಿಸುತ್ತದೆ, ನೂರಾಗುವುದಿಲ್ಲ. ಜೊತೆಗೆ, ಮುಂದಿನ ಚಕ್ರ ಮಲಗಿದ್ದ ಮುಳ್ಳನ್ನು ಎಬ್ಬಿಸಿ ನಿಲ್ಲಿಸಿದರೆ, ಹೆಚ್ಚು ಭಾರ ಹೊತ್ತ ಹಿಂದಿನ ಚಕ್ರ ಅದರ ಮೇಲೆ ಹತ್ತುತ್ತದೆ. ಪಂಕ್ಚರು ಹಿಂದಿನ ಚಕ್ರಕ್ಕೇ ಹೆಚ್ಚು ಎಂಬ ಅಂಗಡಿಯವರ ಅನುಭವಕ್ಕೆ ಇದು ವಿವರಣೆ.

ಅಂದರೆ ಮುಳ್ಳು ಟೈರಿಗೆ ತಾಕಿಯೇ ತಾಕುತ್ತದೆ. ಅದನ್ನು ಒಪ್ಪಿಕೊಂಡು ಮುಂದಿನ ಯೋಜನೆ ಮಾಡುವುದು ಜಾಣತನ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೈಕಲ್ ಅಂಗಡಿಗೆ ಹೋದರೆ ಮೊದಲು ತೋರಿಸುವುದು ತಡೆಯುವ ಸಾಮಾನು: ಕೆವ್ಲಾರ್ ಪದರದ ಟೈರು. ಕೆವ್ಲಾರನ್ನು 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದರು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಗಟ್ಟಿ. ಗುಂಡು ತಡೆಯುವ ಕವಚಕ್ಕೆ ಅದನ್ನೇ ಬಳಸುತ್ತಾರೆ ಎಂದು ಅಂಗಡಿಯವರು ಹೇಳುವುದೂ ನಿಜ. ಆದರೆ ಆ ಗಟ್ಟಿತನ ಎಳೆಯ ಉದ್ದಕ್ಕೆ ಎಳೆದಾಗಿನದು. ಕ್ವಿಂಟಲ್ ಅಕ್ಕಿ ಹೊರುವ ಗೋಣಿಚೀಲದೊಳಗೆ ದಬ್ಬಣ ಸಲೀಸಾಗಿ ಇಳಿಯುತ್ತದೆ, ಅದು ಯಾವ ಎಳೆಯನ್ನೂ ಕಡಿಯುವುದಿಲ್ಲ, ಎಳೆಗಳ ನಡುವೆ ಜಾಗ ಮಾಡಿಕೊಳ್ಳುತ್ತದೆ. ಮುಳ್ಳು ಕೆವ್ಲಾರ್ ಬಟ್ಟೆಗೆ ಮಾಡುವುದು ಅದನ್ನೇ. ಗುಂಡು ತಡೆಯುವ ಮಾಮೂಲಿ ಕವಚ ಚೂಪು ಮೊನೆಯ ಇರಿತವನ್ನು ತಡೆಯಲಾರದು, ಅದಕ್ಕೆ ಬೇರೆ ಬಗೆಯ ದಟ್ಟ ನೇಯ್ಗೆ ಬೇಕು ಎಂಬುದು ಕವಚ ತಯಾರಕರಿಗೆ ಗೊತ್ತಿರುವ ಸಂಗತಿ. ಗಾಜಿನ ಚೂರು, ಬಸಾಲ್ಟ್ ಕಲ್ಲಿನ ಅಂಚು ಇವುಗಳಿಗೆ ಕೆವ್ಲಾರ್ ಪದರ ಒಳ್ಳೆಯ ಉತ್ತರ. ಪಾರ್ಸಿಕ್, ಖಾರ್ಘರ್ ಗುಡ್ಡಗಳ ಕಲ್ಲುದಾರಿಗೆ ಅದರ ಉಪಯೋಗ ಇದ್ದೇ ಇದೆ. ಬೋರೆ ಮುಳ್ಳಿಗೆ ಅದನ್ನೊಂದೇ ನಂಬಿ ಹಣ ಸುರಿಯಬೇಡಿ.

ಮುಳ್ಳಿಗೆ ಇದಕ್ಕಿಂತ ಒಳ್ಳೆಯ ತಡೆ ದೂರ. ಮೊನೆಗೂ ಗಾಳಿಗೂ ನಡುವೆ ಐದು ಮಿಲಿಮೀಟರ್ ಮೆತ್ತನೆಯ ರಬ್ಬರಿದ್ದರೆ ನಾಲ್ಕು ಮಿಲಿಮೀಟರ್ ಒಳಹೊಕ್ಕ ಮುಳ್ಳು ಏನೂ ಮಾಡದು. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಹಾಕಿರುವುದು ಅಂಥದ್ದೇ ಐದು ಮಿಲಿಮೀಟರಿನ ಪದರ. ಅದೇ ತತ್ವದ್ದು ದಪ್ಪ ಟ್ಯೂಬು. ಮಾಮೂಲಿ ಟ್ಯೂಬಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ, ಮುಳ್ಳು ತಡೆಯುವ ಟ್ಯೂಬಿನ ಹೊರಮೈ ಮೂರು ನಾಲ್ಕು ಮಿಲಿಮೀಟರ್. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಬಹಳ ಹಿಂದಿನಿಂದ ಮಾಡುತ್ತ ಬಂದ ಉಪಾಯ ಇನ್ನೂ ಅಗ್ಗ: ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ವ್ ಇರುವ ಭಾಗ ಕತ್ತರಿಸಿ ತೆಗೆದು, ಹೊಸ ಟ್ಯೂಬಿಗೂ ಟೈರಿಗೂ ನಡುವೆ ಹಾಸುವುದು. ಇದು ಕೆಲಸ ಮಾಡುತ್ತದೆ. ಕತ್ತರಿಸಿದ ಅಂಚು ಒರಟಾಗಿ ಉಳಿದರೆ ಅದೇ ತಿಕ್ಕಿ ಟ್ಯೂಬನ್ನು ತೂತು ಮಾಡುತ್ತದೆ ಎಂಬ ಎಚ್ಚರ ಮಾತ್ರ ಬೇಕು. ಈ ಎಲ್ಲ ಉಪಾಯಗಳಿಗೂ ತೆರಬೇಕಾದ ಬೆಲೆ ತೂಕ. ಚಕ್ರದ ಅಂಚಿನಲ್ಲಿ ಸೇರಿದ ತೂಕವನ್ನು ಮುಂದೆ ಸಾಗಿಸುವುದಷ್ಟೇ ಅಲ್ಲ, ತಿರುಗಿಸಲೂ ಬೇಕು. ಥಾಣೆಯ ಯೇವೂರಿನ ಏರು ಹತ್ತುವಾಗ ತೊಡೆಗೆ ಅದು ಗೊತ್ತಾಗುತ್ತದೆ. ದಿನಾ ಸ್ಟೇಷನ್ನಿಗೆ, ಶಾಲೆಗೆ ಹೋಗುವ ಸೈಕಲ್ಲಿಗೆ ಈ ತೂಕ ಲೆಕ್ಕಕ್ಕಿಲ್ಲ, ಅವರಿಗೆ ನನ್ನ ಸಲಹೆ ದಪ್ಪ ಟ್ಯೂಬೇ.

ಗುಡ್ಡ ಹತ್ತುವವರಿಗೆ ಉತ್ತರ ಬೇರೆ ಕಡೆ ಇದೆ. ಅದನ್ನು ಹುಡುಕಲು ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ತೋಟಕ್ಕೆ ಹೋಗಬೇಕು. ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿದ ತುಳುನಾಡಿನ ಎಷ್ಟೋ ಕುಟುಂಬಗಳಿಗೆ ಆ ತೋಟಗಳು ಊರಿನ ನೆರೆಹೊರೆ.

ರಬ್ಬರ್ ಮರಕ್ಕೆ ಕತ್ತಿ ಹಾಕುವುದು ಬೆಳಕು ಹರಿಯುವ ಮುಂಚೆ. ರಾತ್ರಿಯೆಲ್ಲ ನೀರು ಹೀರಿ ಮರದ ತೊಗಟೆಯೊಳಗಿನ ಹಾಲುನಾಳಗಳು ಬಿಗಿದುಕೊಂಡಿರುತ್ತವೆ. ಆ ಹೊತ್ತಿನಲ್ಲಿ ಅವುಗಳ ಒಳಗಿನ ಒತ್ತಡ ಸುಮಾರು ಹತ್ತು ವಾತಾವರಣದಷ್ಟು. ನಮ್ಮ ಮೌಂಟನ್ ಬೈಕಿನ ಟೈರಿನಲ್ಲಿ ನಾವು ತುಂಬುವುದು ಎರಡು ವಾತಾವರಣ. ಅಂದರೆ ನಮ್ಮ ಚಕ್ರಕ್ಕಿಂತ ಐದು ಪಟ್ಟು ಒತ್ತಡದ ನಾಳವನ್ನು ಕತ್ತಿ ಸೀಳುತ್ತದೆ. ಹಾಲು ಚಿಮ್ಮಿ ಹರಿಯುತ್ತದೆ, ಚಿಪ್ಪು ತುಂಬುತ್ತದೆ, ಕೆಲವು ಗಂಟೆಗಳಲ್ಲಿ ಹರಿವು ತಾನಾಗಿ ನಿಲ್ಲುತ್ತದೆ. ಮರ ಒಣಗುವುದಿಲ್ಲ, ಹಾಲು ಮುಗಿದಿರುವುದೂ ಇಲ್ಲ. ಗಾಯವನ್ನು ಹಾಲೇ ಮುಚ್ಚಿರುತ್ತದೆ.

ಹೇಗೆ? ರಬ್ಬರ್ ಹಾಲು ಎಂದರೆ ನೀರಿನಲ್ಲಿ ತೇಲುವ ರಬ್ಬರಿನ ಸೂಕ್ಷ್ಮ ಕಣಗಳು. ಪ್ರತಿ ಕಣದ ಮೇಲೂ ಪ್ರೋಟೀನು ಮತ್ತು ಕೊಬ್ಬಿನ ತೆಳು ಹೊದಿಕೆ, ಅದಕ್ಕೆ ಋಣ ವಿದ್ಯುದಂಶ. ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತ ಹಾಲು ಹಾಲಾಗಿಯೇ ಉಳಿಯುತ್ತದೆ. ಹಾಲಿನಲ್ಲಿ ರಬ್ಬರ್ ಕಣಗಳ ಜೊತೆ ಲೂಟಾಯ್ಡ್ ಎಂಬ ಪುಟ್ಟ ಚೀಲಗಳೂ ಇವೆ. ಸೀಳಿನ ಬಾಯಿಯಲ್ಲಿ ಒತ್ತಡ ಒಮ್ಮೆಲೇ ಇಳಿದು ಹಾಲು ರಭಸದಿಂದ ಹರಿದಾಗ ಅವು ಒಡೆಯುತ್ತವೆ. ಒಳಗಿನ ದ್ರವ ಆ ಹೊದಿಕೆಯ ವಿದ್ಯುದಂಶವನ್ನು ಇಲ್ಲವಾಗಿಸುತ್ತದೆ. ಕಣಗಳು ಒಂದಕ್ಕೊಂದು ಅಂಟಿ ನಾಳದ ಬಾಯಿಗೆ ಬೂಚು ಬೀಳುತ್ತದೆ. ಕರವಂದದ ಪೊದೆಯ ಬಗ್ಗೆ ಮತ್ತೆ ಹೇಳುವುದಿದೆ ಎಂದಿದ್ದೆ. ಅದರ ಎಲೆ ಕಿತ್ತರೆ, ಕಾಯಿ ಮುರಿದರೆ ಬಿಳಿ ಹಾಲು ಒಸರುತ್ತದೆ, ಬೆರಳಿಗೆ ಅಂಟುತ್ತದೆ. ಯೇವೂರಿನ ಕಾಡಿನಂಚಿನಲ್ಲಿ ಟೈರನ್ನು ಚುಚ್ಚುವ ಗಿಡವೇ ತನ್ನ ಗಾಯವನ್ನು ಹಾಲಿನಿಂದ ಮುಚ್ಚಿಕೊಳ್ಳುತ್ತದೆ.

ಸೈಕಲ್ ಟೈರಿನೊಳಗೆ ಹಾಕುವ ಸೀಲೆಂಟ್ ಈ ಮರದ ಉಪಾಯದ್ದೇ ನಕಲು. ಹೆಚ್ಚಿನವು ರಬ್ಬರ್ ಹಾಲಿನಿಂದಲೇ ಮಾಡಿದವು. ಹಾಲು ಡಬ್ಬಿಯಲ್ಲೇ ಹೆಪ್ಪುಗಟ್ಟದಿರಲೆಂದು ಅಮೋನಿಯದಂಥ ವಸ್ತು ಸೇರಿಸುತ್ತಾರೆ. ತೂತಿನ ಅಂಚಿನಲ್ಲಿ ಸಿಕ್ಕಿಕೊಳ್ಳಲೆಂದು ಸಣ್ಣ ಕಣಗಳು, ನಾರಿನ ಚೂರುಗಳು ಇರುತ್ತವೆ. ಮುಳ್ಳು ಚುಚ್ಚಿ ಹೊರಬಿದ್ದಾಗ ಗಾಳಿ ಈ ದ್ರವವನ್ನು ತೂತಿಗೆ ತಳ್ಳುತ್ತದೆ. ಕಣಗಳು ಬಾಯಿಗೆ ಅಡ್ಡ ಬೀಳುತ್ತವೆ, ಹರಿವಿನ ರಭಸಕ್ಕೆ ರಬ್ಬರ್ ಕಣಗಳು ಒಂದಕ್ಕೊಂದು ಉಜ್ಜಿ ಅಂಟುತ್ತವೆ, ನೀರೂ ಅಮೋನಿಯವೂ ಆರಿಹೋಗುತ್ತವೆ. ಚಕ್ರ ಕೆಲವು ಸುತ್ತು ತಿರುಗುವುದರೊಳಗೆ ತೂತು ಮುಚ್ಚಿರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಇದನ್ನು ಮಾಮೂಲಿ ಟ್ಯೂಬಿನೊಳಗೇ ಹಾಕಿದರೆ ಆಗದೆ? ಹಾಕಬಹುದು, ಟ್ಯೂಬಿಗೆಂದೇ ಮಾಡಿದ ನಾರು ತುಂಬಿದ ದ್ರವಗಳೂ ಸಿಗುತ್ತವೆ. ಆದರೆ ಫಲ ಅರ್ಧ. ಟ್ಯೂಬು ಗಾಳಿ ತುಂಬಿದಾಗ ಹಿಗ್ಗಿ ಟೈರಿನ ಒಳಮೈ ಮುಟ್ಟುವ ಚೀಲ. ಹಿಗ್ಗಿದ ರಬ್ಬರಿನಲ್ಲಿ ತೂತು ಬಿದ್ದರೆ ಎಳೆತ ಅದನ್ನು ಬಾಯಿ ತೆರೆಸುತ್ತದೆ, ಕಟ್ಟಿದ ಬೂಚನ್ನೂ ಕಿತ್ತುಹಾಕುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಒತ್ತಡವನ್ನು ಹೊರುವುದು ಒಳಗಿನ ನೈಲಾನ್ ಬಟ್ಟೆ. ಅದು ಹಿಗ್ಗುವುದಿಲ್ಲ. ಮುಳ್ಳು ಎಳೆಗಳನ್ನು ಸರಿಸಿ ಮಾಡಿದ ತೂತು ಮುಳ್ಳು ಹೋದ ಕೂಡಲೇ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ, ಉಳಿದ ಸಂದನ್ನು ಹಾಲು ತುಂಬುತ್ತದೆ. ಕೆವ್ಲಾರಿಗೆ ಸೋಲಾಗಿದ್ದ ಮುಳ್ಳಿನ ಗುಣ, ಎಳೆಯನ್ನು ಕಡಿಯದೆ ನುಸುಳುವುದು, ಇಲ್ಲಿ ನಮಗೆ ಲಾಭ. ಮೌಂಟನ್ ಬೈಕಿಗೆ ಟ್ಯೂಬ್‌ಲೆಸ್ ಪದ್ಧತಿಯನ್ನು ಫ್ರಾನ್ಸಿನ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಸೇರಿ 1999ರಲ್ಲಿ ತಂದವು. ಮುಳ್ಳಿನ ದಾರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಿಲ್ಲ ಎನ್ನುತ್ತೇನೆ.

ಸಣ್ಣ ತೂತು, ದೊಡ್ಡ ತೂತುಗಳ ವ್ಯತ್ಯಾಸವನ್ನು ಸಂಖ್ಯೆಯಲ್ಲಿ ನೋಡಿದರೆ ಬೂಚಿನ ಮಹತ್ವ ತಿಳಿಯುತ್ತದೆ. 29 ಇಂಚಿನ ಟೈರಿನಲ್ಲಿ ಸುಮಾರು ಐದೂವರೆ ಲೀಟರ್ ಜಾಗ. 30 ಪಿಎಸ್ಐ, ಅಂದರೆ ಹೊರಗಿನದಕ್ಕಿಂತ ಎರಡು ವಾತಾವರಣ ಹೆಚ್ಚು, ತುಂಬಿದಾಗ ಒಳಗಿನ ಗಾಳಿಯ ತೂಕ ಇಪ್ಪತ್ತು ಗ್ರಾಮಿನ ಹತ್ತಿರ. ಒಳಗಿನ ಒತ್ತಡ ಹೊರಗಿನದರ ಎರಡು ಪಟ್ಟಿಗಿಂತ ಹೆಚ್ಚಿರುವುದರಿಂದ ತೂತಿನಲ್ಲಿ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ, ಅದಕ್ಕಿಂತ ವೇಗವಾಗಿ ಹೋಗಲಾರದು. ಒಂದು ಚದರ ಮಿಲಿಮೀಟರಿನ ತೂತಾದರೆ ಅರ್ಧ ನಿಮಿಷದೊಳಗೆ ಟೈರು ಮೆತ್ತಗಾಗುತ್ತದೆ. ಅದರ ನೂರನೆಯ ಒಂದು ಭಾಗದ ತೂತಾದರೆ ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ. ಮುಳ್ಳು ಒಳಗೇ ಸಿಕ್ಕಿಕೊಂಡಿದ್ದರೆ ರಬ್ಬರು ಅದನ್ನು ಬಿಗಿಯಾಗಿ ಅಪ್ಪಿ ಹಿಡಿದು ಸೋರಿಕೆ ಇನ್ನೂ ನಿಧಾನ. ಸಂಜೆ ಸರಿಯಾಗಿದ್ದ ಚಕ್ರ ಬೆಳಗ್ಗೆ ಕೂತಿರುವುದು ಹೀಗೆ. ಟ್ಯೂಬ್ ಇರುವ ಸೈಕಲ್ಲಿನಲ್ಲಿ ದಾರಿ ನಡುವೆ ಮುಳ್ಳು ಕಂಡರೆ ಕೂಡಲೇ ಕೀಳಬೇಡಿ. ಗಾಳಿ ನಿಂತಿದ್ದರೆ ಆ ಮುಳ್ಳೇ ಬೂಚು, ಮನೆ ಅಥವಾ ಅಂಗಡಿ ತಲುಪಿ ಕೀಳಿ. ಟ್ಯೂಬ್‌ಲೆಸ್ ಆದರೆ ಕಿತ್ತು, ತೂತನ್ನು ಕೆಳಗೆ ಮಾಡಿ ಚಕ್ರ ನಿಲ್ಲಿಸಿ, ಹಾಲು ಅಲ್ಲಿಗೆ ಇಳಿಯಲಿ.

ಸೀಲೆಂಟಿನ ದೌರ್ಬಲ್ಯ ಅದರ ಆಯುಷ್ಯ. ಟೈರಿನ ಗೋಡೆಯ ಮೂಲಕ ನೀರಿನ ಅಂಶ ನಿಧಾನವಾಗಿ ಹೊರಹೋಗುತ್ತದೆ, ಹಾಲು ಒಳಗೇ ಹೆಪ್ಪುಗಟ್ಟುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ. ತಂಪು ದೇಶದಲ್ಲಿ ಆರು ತಿಂಗಳು ಬರುವ ದ್ರವ ನಮ್ಮ ಫ್ಲ್ಯಾಟಿನ ಬಾಲ್ಕನಿಯ ಬಿಸಿಲಿನಲ್ಲಿ ಎರಡು ಮೂರು ತಿಂಗಳಿಗೇ ಮುಗಿಯಬಹುದು. ಆದ್ದರಿಂದ ನವರಾತ್ರಿಯ ಹೊತ್ತಿಗೆ, ಮುಳ್ಳಿನ ಕಾಲ ಶುರುವಾಗುವ ಮುಂಚೆ, ಚಕ್ರಕ್ಕೆ 80ರಿಂದ 120 ಮಿಲಿಲೀಟರ್ ಹೊಸದಾಗಿ ಹಾಕಿ. ಸಂಕ್ರಾಂತಿಗೆ ಒಮ್ಮೆ ನೋಡಿ, ಹೋಳಿಯ ಹೊತ್ತಿಗೆ ಮತ್ತೆ ತುಂಬಿಸಿ. ಸೈಕಲ್ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳದಿದ್ದರೆ ಹಾಲು ಒಣಗಿದೆ ಎಂದೇ ಅರ್ಥ. ತುರ್ತಿಗೆ ಇಟ್ಟುಕೊಳ್ಳುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಅನಿಲ ಕೆಲವು ಲೇಟೆಕ್ಸ್ ಸೀಲೆಂಟ್‌ಗಳನ್ನು ಅಕಾಲದಲ್ಲಿ ಹೆಪ್ಪುಗಟ್ಟಿಸುತ್ತದೆ, ಸಾಧ್ಯವಾದರೆ ಕೈಪಂಪೇ ವಾಸಿ. ಆರು ಮಿಲಿಮೀಟರಿಗಿಂತ ದೊಡ್ಡ ತೂತು, ಬದಿಯ ಗೋಡೆ ಹರಿದದ್ದು ಇವು ಹಾಲಿನ ಕೈಮೀರಿದವು. ಅದಕ್ಕೆ ರಬ್ಬರಿನ ಎಳೆ ತುರುಕುವ ಪ್ಲಗ್, ಅದೂ ಆಗದಿದ್ದರೆ ಬ್ಯಾಗಿನಲ್ಲಿ ಒಂದು ಟ್ಯೂಬ್ ಇರಲಿ. ಆ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಒಂದು ಬಟ್ಟೆಯಿಂದ ಸವರಿ ನೋಡಿ. ಅಷ್ಟು ದಿನ ಹಾಲು ಮುಚ್ಚಿಟ್ಟಿದ್ದ ಮುಳ್ಳಿನ ತುದಿಗಳು ಅಲ್ಲಿ ಸಾಲಾಗಿ ಇರುತ್ತವೆ, ಒಂದನ್ನು ಬಿಟ್ಟರೂ ಹೊಸ ಟ್ಯೂಬು ಹೋಯಿತು.

ಟ್ಯೂಬಿಗೆ ಪ್ಯಾಚ್ ಹಾಕುವವರು ಗಮನಿಸಬೇಕಾದ್ದು ಸೊಲ್ಯೂಷನ್ ಆರುವ ಸಮಯ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡಿದರು. ಗಂಧಕ ರಬ್ಬರಿನ ಉದ್ದ ಸರಪಳಿಗಳ ನಡುವೆ ಅಡ್ಡ ಕೊಂಡಿ ಹಾಕುತ್ತದೆ. ಆ ಕ್ರಿಯೆಯನ್ನು ಚುರುಕುಗೊಳಿಸುವ ರಾಸಾಯನಿಕಗಳನ್ನು ಇಲ್ಲಿಯೇ, ನವಿ ಮುಂಬಯಿಯಲ್ಲಿ, ನೊಸಿಲ್ ಕಾರ್ಖಾನೆ ತಯಾರಿಸುತ್ತದೆ. ಒಳ್ಳೆಯ ಪ್ಯಾಚ್ ಮತ್ತು ಸೊಲ್ಯೂಷನ್ ನಡುವೆಯೂ ಇಂಥದ್ದೇ ಕೊಂಡಿ ಬೀಳಬೇಕು. ದ್ರಾವಕ ಆರಿ, ಮೇಲ್ಮೈ ಮಬ್ಬಾಗಿ ಬೆರಳಿಗೆ ಅಂಟಂಟಾಗುವವರೆಗೆ ಕಾಯದೆ ಹಸಿ ಇರುವಾಗಲೇ ಒತ್ತಿದರೆ ಪ್ಯಾಚ್ ನಿಲ್ಲುವುದಿಲ್ಲ.

ಗಾಳಿಯ ಒತ್ತಡದ ಬಗ್ಗೆ ಒಂದು ಮಾತು. ಟೈರನ್ನು ಕಲ್ಲಿನಂತೆ ಬಿಗಿಸಿದರೆ ಮುಳ್ಳು ಚುಚ್ಚದು ಎಂಬ ನಂಬಿಕೆ ಇದೆ. ಅದು ತಪ್ಪು. ಬಿಗಿದ ಟೈರು ಮೊನೆಗೆ ಬಗ್ಗದೆ ಅದನ್ನೇ ನುಂಗುತ್ತದೆ. ಬಿಗಿಸುವುದರಿಂದ ತಪ್ಪುವುದು ಬೇರೆ ಪಂಕ್ಚರು: ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ಕಡೆ ಕಚ್ಚಿದಂತೆ ಆಗುವುದು. ಟ್ಯೂಬ್‌ಲೆಸ್‌ನಲ್ಲಿ ಕಚ್ಚಿಸಿಕೊಳ್ಳಲು ಟ್ಯೂಬೇ ಇಲ್ಲದ್ದರಿಂದ ಎಪ್ಪತ್ತು ಕಿಲೋ ಸವಾರ 22ರಿಂದ 27 ಪಿಎಸ್ಐ ಇಟ್ಟುಕೊಂಡು ಸುಖವಾಗಿ ಓಡಿಸಬಹುದು. ಟ್ಯೂಬ್ ಇದ್ದರೆ 30ರಿಂದ 35 ಬೇಕು.

ಟಾರು ರಸ್ತೆಯೂ ಮುಳ್ಳಿನದೇ ಎಂಬುದನ್ನು ಮರೆಯಬಾರದು. ಶಿಲ್‌ಫಾಟಾ, ಮುಂಬ್ರಾ ಬೈಪಾಸ್‌ನಂಥ ಲಾರಿ ಓಡುವ ರಸ್ತೆಗಳ ಅಂಚಿನಲ್ಲಿ ಬಿರಿದ ಲಾರಿ ಟೈರುಗಳ ತುಂಡು ಬಿದ್ದಿರುತ್ತವೆ. ಅವುಗಳೊಳಗಿನ ಕೂದಲೆಳೆಯ ಉಕ್ಕಿನ ತಂತಿ ಬೋರೆ ಮುಳ್ಳಿಗಿಂತ ಗಟ್ಟಿ, ಬಳುಕಿದರೂ ಮುರಿಯದು, ಕಣ್ಣಿಗೂ ಬೀಳದು. ಗುಡ್ಡಕ್ಕೆ ಹೋಗುವ ಮುಂಚೆ ಈ ರಸ್ತೆ ದಾಟಿದವರು ಒಂದು ಕ್ಷಣ ಇಳಿದು ಟೈರು ತಿರುಗಿಸಿ ನೋಡುವುದು ಒಳ್ಳೆಯದು.

ಕೊನೆಗೆ ಕೆಲವು ವಿನಂತಿಗಳು. ಯೇವೂರು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ, ಚಿರತೆಗಳ ನೆಲೆ. ಅರಣ್ಯ ಇಲಾಖೆ ಅನುಮತಿ ಕೊಡದ ಒಳದಾರಿಗೆ ಚಕ್ರ ಇಳಿಸಬೇಡಿ. ಹೊಲದ ಮುಳ್ಳುಬೇಲಿ ಅಡ್ಡ ಬಂದರೆ ಅದನ್ನು ಸರಿಸಬೇಡಿ, ಸುತ್ತಿ ಹೋಗಿ. ಬೇಲಿಯ ಪಕ್ಕದ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ ಸೈಕಲ್ಲನ್ನು ತಳ್ಳದೆ ಹೆಗಲ ಮೇಲೆ ಎತ್ತಿಕೊಂಡು ದಾಟಿ. ಟೈರಿನಿಂದ ಕಿತ್ತ ಮುಳ್ಳನ್ನು, ತಂತಿಯನ್ನು ಅಲ್ಲೇ ಬಿಸಾಡದೆ ಜೇಬಿನ ಕಾಗದದಲ್ಲಿ ಸುತ್ತಿ ತನ್ನಿ. ಆ ದಾರಿಯಲ್ಲಿ ದಿನವೂ ಬರಿಗಾಲಲ್ಲಿ ನಡೆಯುವವರಿದ್ದಾರೆ.